ಬೀಜಕ್ಕೆ ಬಿಟ್ಟ ಕಾಯಿ

ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನ ಹಿತ್ತಲುಗಳಲ್ಲಿ, ಬಯಲುಸೀಮೆಯ ಹೊಲದ ಬದುಗಳಲ್ಲಿ, ಬೆಂಗಳೂರು ಮೈಸೂರುಗಳ ತಾರಸಿ ತೋಟಗಳಲ್ಲಿ ಇಂದಿಗೂ ಉಳಿದುಕೊಂಡಿರುವ ಹಲವು ತಿನ್ನುವ ಸಸ್ಯಗಳು ತರಕಾರಿ ಅಂಗಡಿಯಲ್ಲಿ ಅಪರೂಪವಾಗಿ ಮಾತ್ರ ಕಾಣಿಸುತ್ತವೆ. ರೆಕ್ಕೆ ಅವರೆ, ಕತ್ತಿ ಅವರೆ, ಮಡಹಾಗಲ, ಮರಕೆಸು, ಬಳ್ಳಿ ಆಲೂಗಡ್ಡೆ, ಚಕ್ರಮುನಿ, ಚಿಬ್ಬಡ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಇವು ಮಾರುಕಟ್ಟೆಯಿಂದ ದೂರ ಉಳಿದುದಕ್ಕೆ ರುಚಿಯ ಕೊರತೆಯಾಗಲಿ ಪೌಷ್ಟಿಕತೆಯ ಕೊರತೆಯಾಗಲಿ ಕಾರಣವಲ್ಲ. ಕೆಲವು ಕೊಯ್ದ ದಿನವೇ ಬಾಡುತ್ತವೆ, ಕೆಲವು ವರ್ಷಕ್ಕೆ ಒಂದೆರಡು ತಿಂಗಳು ಮಾತ್ರ ಫಲ ಕೊಡುತ್ತವೆ, ಇನ್ನು ಕೆಲವಕ್ಕೆ ಎತ್ತರದ ಚಪ್ಪರ ಬೇಕಾಗುತ್ತದೆ ಮತ್ತು ಅವುಗಳ ಕಾಯಿಗಳು ಒಟ್ಟಿಗೆ ಬಲಿಯದೆ ದಿನಕ್ಕೆ ನಾಲ್ಕಾರರಂತೆ ಬಲಿಯುತ್ತವೆ. ಲಾರಿ ತುಂಬಿಸಬೇಕಾದ ಬೆಳೆಗಾರನಿಗೆ ಇವೆಲ್ಲ ದೋಷಗಳೇ ಆದರೂ, ಒಂದು ಹೊತ್ತಿನ ಪಲ್ಯಕ್ಕೋ ಸಾಂಬಾರಿಗೋ ಸಾಕಾಗುವಷ್ಟು ಕಾಯಿಯನ್ನು ದಿನದಿನವೂ ಬಯಸುವ ಮನೆಗೆ ಅವೇ ಗುಣಗಳಾಗುತ್ತವೆ. ಬೇಡಿಕೆ ಕಡಿಮೆಯಿರುವ ಇಂತಹ ಸಸ್ಯಗಳ ಬೀಜವನ್ನು ದೊಡ್ಡ ಬೀಜ ಕಂಪನಿಗಳು ಉತ್ಪಾದಿಸುವುದು ವಿರಳವಾದುದರಿಂದ, ಅವುಗಳ ಉಳಿವು ಬಹುಪಾಲು ಬೀಜಕ್ಕೆಂದು ಕಾಯಿಯೊಂದನ್ನು ಬಳ್ಳಿಯಲ್ಲೇ ಬಿಡುವ ಮನೆಗಳ ಮೇಲೆ ನಿಂತಿದೆ.

ಆದರೆ ಕಾಯಿಯೊಂದನ್ನು ಬೀಜಕ್ಕೆ ಬಿಡುವುದರಿಂದಲೇ ತಳಿ ಉಳಿಯುತ್ತದೆ ಎಂದು ಭಾವಿಸುವಂತಿಲ್ಲ. ಹೂವಿನ ಕೇಸರದಿಂದ ಹೊರಬಂದ ಪರಾಗವು ಶಲಾಕಾಗ್ರವನ್ನು, ಅಂದರೆ ಹೂವಿನ ಹೆಣ್ಣು ಭಾಗದ ತುದಿಯನ್ನು, ಸೇರಿದಾಗ ಮಾತ್ರ ಬೀಜ ಕಟ್ಟುವುದರಿಂದ, ಆ ಪರಾಗ ಎಲ್ಲಿಂದ ಬಂದಿತು ಎಂಬುದೇ ಮುಂದಿನ ತಲೆಮಾರಿನ ಗಿಡ ಹೇಗಿರುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಒಂದೇ ಹೂವಿನ ಅಥವಾ ಒಂದೇ ಗಿಡದ ಪರಾಗದಿಂದ ಬೀಜ ಕಟ್ಟುವ ಕ್ರಮವನ್ನು ಸ್ವಕೀಯ ಪರಾಗಸ್ಪರ್ಶವೆಂದೂ, ಬೇರೆ ಗಿಡದ ಪರಾಗದಿಂದ ಕಟ್ಟುವ ಕ್ರಮವನ್ನು ಪರಕೀಯ ಪರಾಗಸ್ಪರ್ಶವೆಂದೂ ಕರೆಯುತ್ತಾರೆ. ಹಿತ್ತಲಿನ ಸಸ್ಯಗಳಲ್ಲಿ ಈ ಎರಡೂ ಬಗೆಯವು ಇವೆ, ಎರಡರ ನಡುವಿನವೂ ಇವೆ, ಬೀಜದ ಗೊಡವೆಗೇ ಹೋಗದೆ ಗೆಡ್ಡೆಯಿಂದಲೋ ಕಾಂಡದಿಂದಲೋ ವಂಶ ಬೆಳೆಸುವವೂ ಇವೆ. ಬೀಜ ಸಂಗ್ರಹದ ಕೈಪಿಡಿಗಳು ಸಾಮಾನ್ಯವಾಗಿ ಒಣಗಿಸುವ ಮತ್ತು ತುಂಬಿಡುವ ವಿಧಾನಕ್ಕೆ ಹೆಚ್ಚು ಪುಟಗಳನ್ನು ಮೀಸಲಿಡುತ್ತವೆಯಾದರೂ, ಅದಕ್ಕೂ ಮೊದಲು ತಿಳಿಯಬೇಕಾದದ್ದು ಹೂವಿನ ಸ್ವಭಾವವನ್ನೇ. ಅದನ್ನು ಅರಿಯದೆ ಎಷ್ಟೇ ಜೋಪಾನವಾಗಿ ತೆಗೆದಿಟ್ಟ ಬೀಜವೂ ಎರಡು ಮೂರು ವರ್ಷಗಳಲ್ಲಿ ಬೇರೆಯದೇ ತಳಿಯಾಗಿ ಬಿಡಬಹುದು.

ಹೊಸದಾಗಿ ಆರಂಭಿಸುವವರಿಗೆ ಸ್ವಕೀಯ ಪರಾಗಸ್ಪರ್ಶದ ದ್ವಿದಳ ಬಳ್ಳಿಗಳು ಹೆಚ್ಚು ಅನುಕೂಲಕರ, ಅವುಗಳಲ್ಲಿ ರೆಕ್ಕೆ ಅವರೆಗೆ ವಿಶೇಷ ಸ್ಥಾನವಿದೆ. ನಾಲ್ಕು ಅಂಚುಗಳುದ್ದಕ್ಕೂ ನೆರಿಗೆಯಂತಹ ರೆಕ್ಕೆಗಳಿರುವ ಕಾಯಿಯಿಂದ ಈ ಹೆಸರು ಪಡೆದ ಬಳ್ಳಿಯ ಎಳೆಯ ಕಾಯಿ, ಚಿಗುರು, ತಿಳಿ ನೀಲಿ ಹೂ, ಬಲಿತ ಕಾಳು ಮತ್ತು ಬೇರಿನ ಗೆಡ್ಡೆ ಎಲ್ಲವನ್ನೂ ತಿನ್ನಬಹುದು. ಪಪುವಾ ನ್ಯೂಗಿನಿಯ ಎತ್ತರದ ಪ್ರದೇಶಗಳಲ್ಲಿಯೂ ಮ್ಯಾನ್ಮಾರಿನಲ್ಲಿಯೂ ಗೆಡ್ಡೆಗಾಗಿಯೇ ಇದನ್ನು ಬೆಳೆಯುವ ರೂಢಿಯಿದೆ. ಒಣಗಿದ ಕಾಳಿನಲ್ಲಿ ಪ್ರೋಟೀನು ಶೇ. 30ಕ್ಕೂ ಹೆಚ್ಚಿದ್ದು, ಸೋಯಾ ಅವರೆಗೆ ಸಮನಾಗಿ ನಿಲ್ಲುವಂತಿರುವುದನ್ನು ಗಮನಿಸಿದ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು 1975ರಲ್ಲಿ ಉಷ್ಣವಲಯಕ್ಕೆ ಒದಗಬಲ್ಲ ಬೆಳೆಯೆಂದು ಇದರ ಬಗ್ಗೆ ಪ್ರತ್ಯೇಕ ವರದಿಯೊಂದನ್ನು ಪ್ರಕಟಿಸಿತು. ಆಗ ಹುಟ್ಟಿದ ದೊಡ್ಡ ನಿರೀಕ್ಷೆ ಹೊಲಗಳಲ್ಲಿ ಈಡೇರಲಿಲ್ಲ. ಬಳ್ಳಿಗೆ ಆಧಾರ ಕೊಡಬೇಕಾದ ಖರ್ಚು, ಕಾಯಿಗಳು ಏಕಕಾಲಕ್ಕೆ ಬಲಿಯದಿರುವುದು, ಹಗಲು ಚಿಕ್ಕದಾಗುವವರೆಗೆ ಹೂ ಬಿಡದಿರುವ ಹಟ ಇವೆಲ್ಲ ಅದಕ್ಕೆ ಅಡ್ಡಬಂದವು. ಬೇಲಿಯ ಮೇಲೆ ಹಬ್ಬಿದ ಎರಡು ಬಳ್ಳಿಗೆ ಈ ಯಾವ ಅಡ್ಡಿಯೂ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ನೆನೆದರೆ, ಒಂದು ಬೆಳೆಯ ಯೋಗ್ಯತೆಯನ್ನು ಹೊಲದ ಅಳತೆಗೋಲಿನಿಂದ ಮಾತ್ರ ಅಳೆಯುವುದು ಎಷ್ಟು ಅಪೂರ್ಣವೆಂಬುದು ತಿಳಿಯುತ್ತದೆ.

ಹಗಲಿನ ಉದ್ದಕ್ಕೂ ಹೂವಿಗೂ ಇರುವ ಈ ಸಂಬಂಧವನ್ನು ತಿಳಿದಿರುವುದು ಬೀಜ ಉಳಿಸುವವರಿಗೆ ಅಗತ್ಯ. ಬೆಂಗಳೂರಿನ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ಅಂತರವಿದ್ದರೂ, ಆ ಅಲ್ಪ ವ್ಯತ್ಯಾಸವನ್ನು ರೆಕ್ಕೆ ಅವರೆ, ನಾಟಿ ಅವರೆ ಮತ್ತು ಉತ್ತರ ಕರ್ನಾಟಕದ ರೊಟ್ಟಿಯ ಜೊತೆಗಾರನಾದ ಪುಂಡಿ ಮೂರೂ ಗ್ರಹಿಸುತ್ತವೆ. ಇಂತಹ ಸಸ್ಯಗಳನ್ನು ಹ್ರಸ್ವ ಹಗಲಿನ ಸಸ್ಯಗಳೆನ್ನುತ್ತಾರೆ. ಬೇಸಿಗೆಯಲ್ಲೇ ಬಿತ್ತಿದ ರೆಕ್ಕೆ ಅವರೆ ಮಳೆಗಾಲವಿಡೀ ಎಲೆಯನ್ನೇ ಬೆಳೆಸಿ, ಮಳೆ ಹಿಂದೆಗೆದ ಮೇಲೆ ಹೂವಿಗೆ ತೊಡಗುವುದರಿಂದ, ಜೂನ್ ಜುಲೈನಲ್ಲಿ ಬಿತ್ತಿದರೂ ನಷ್ಟವಿಲ್ಲ, ಮತ್ತು ಬೀಜಕ್ಕೆ ಬಿಟ್ಟ ಕಾಯಿಗಳು ಬಲಿಯುವ ಹೊತ್ತಿಗೆ ಒಣ ಹವೆ ಇರುವುದರಿಂದ ಬೂಸ್ಟಿನ ಭಯವೂ ಕಡಿಮೆ. ಇದರ ಬೀಜದ ಸಿಪ್ಪೆ ಬಹಳ ಗಟ್ಟಿ. ನೀರು ಒಳಗಿಳಿಯದೆ ವಾರಗಟ್ಟಲೆ ಮಣ್ಣಿನಲ್ಲಿ ಹಾಗೆಯೇ ಬಿದ್ದಿರುವ ಬೀಜವನ್ನು ಸತ್ತಿದೆಯೆಂದು ತಿಳಿದು ಕೈಬಿಡುವವರಿದ್ದಾರೆ. ಬೀಜದ ಒಂದು ಬದಿಯನ್ನು ಒರಟು ಕಲ್ಲಿಗೆ ಮೆಲ್ಲನೆ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಉಬ್ಬಿದವನ್ನು ಮಾತ್ರ ಬಿತ್ತಿ, ಉಬ್ಬದವನ್ನು ಮತ್ತೆ ಉಜ್ಜಿ ನೆನೆಸುವುದು ಸರಿಯಾದ ಕ್ರಮ.

ಕತ್ತಿ ಅವರೆಯೂ ಹಿತ್ತಲಿನ ಮರಗಳ ಮೇಲೆ ಹಬ್ಬುವ ಬಳ್ಳಿಯೇ. ಕತ್ತಿಯ ಅಲಗಿನಷ್ಟು ಅಗಲವಾಗುವ ಇದರ ಎಳೆಯ ಕಾಯಿ ಪಲ್ಯಕ್ಕೆ ಸೊಗಸಾಗಿರುತ್ತದೆ, ಆದರೆ ಬಲಿತ ಕಾಳಿನಲ್ಲಿ ದೇಹಕ್ಕೆ ಹಾನಿ ಮಾಡಬಲ್ಲ ಪದಾರ್ಥಗಳಿರುವುದರಿಂದ ಅದನ್ನು ನೆನೆಸಿ, ನೀರು ಬದಲಿಸುತ್ತಾ ಚೆನ್ನಾಗಿ ಬೇಯಿಸದೆ ತಿನ್ನಬಾರದು. ಅಪರೂಪದ ತಿನ್ನುವ ಸಸ್ಯಗಳ ವಿಷಯದಲ್ಲಿ ಗಿಡದ ಹೆಸರು ತಿಳಿದರೆ ಸಾಲದು. ಯಾವ ಭಾಗ, ಯಾವ ಹಂತದಲ್ಲಿ, ಹೇಗೆ ಬೇಯಿಸಿ ಎಂಬ ತಿಳಿವಳಿಕೆಯೂ ಬೀಜದ ಜೊತೆಗೇ ಕೈಯಿಂದ ಕೈಗೆ ದಾಟಬೇಕು. ಹಸಿಯಾಗಿಯೇ ಪರಮ ಆರೋಗ್ಯಕರವೆಂದು ಹೊಗಳಲ್ಪಡುವ ಚಕ್ರಮುನಿ ಸೊಪ್ಪಿನ ಉದಾಹರಣೆ ಇಲ್ಲಿ ನೆನಪಿಡತಕ್ಕದ್ದು: 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ದಿನವೂ ಹೆಚ್ಚಿನ ಪ್ರಮಾಣದಲ್ಲಿ ಕುಡಿದ ಅನೇಕರು ಶ್ವಾಸನಾಳಗಳ ಗಂಭೀರ ಕಾಯಿಲೆಗೆ ತುತ್ತಾದರು. ಅಡುಗೆಯಲ್ಲಿ ಆಗೊಮ್ಮೆ ಈಗೊಮ್ಮೆ ಬೇಯಿಸಿ ಬಳಸುವ ನಮ್ಮ ನಾಡಿನ ಪದ್ಧತಿಯೇ ಹೆಚ್ಚು ವಿವೇಕದ್ದು.

ಸ್ವಕೀಯಕ್ಕೂ ಪರಕೀಯಕ್ಕೂ ನಡುವೆ ನಿಲ್ಲುವ ಸಸ್ಯಕ್ಕೆ ಬದನೆ ಒಳ್ಳೆಯ ನಿದರ್ಶನ. ಉಡುಪಿ ಜಿಲ್ಲೆಯ ಕಟಪಾಡಿಯ ಬಳಿಯ ಮಟ್ಟು ಗ್ರಾಮದ ಹೆಸರನ್ನು ಹೊತ್ತ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಸೋದೆ ಮಠದ ವಾದಿರಾಜರು ಆ ಊರಿನವರಿಗೆ ಇದರ ಬೀಜವನ್ನು ಕೊಟ್ಟರೆಂಬ ಐತಿಹ್ಯ ಇಂದಿಗೂ ಅಲ್ಲಿ ಜೀವಂತವಾಗಿದೆ. ದುಂಡಗೆ, ತಿಳಿ ಹಸಿರು ಬಣ್ಣದಲ್ಲಿ, ತೊಟ್ಟಿನ ಮೇಲೆ ಮುಳ್ಳುಗಳಿರುವ ಈ ಬದನೆಯನ್ನು ಬೇರೊಂದು ಬದನೆಯ ಪಕ್ಕದಲ್ಲಿ ಬೆಳೆದು ಬೀಜ ತೆಗೆದರೆ ಮುಂದಿನ ವರ್ಷ ಗಿಡಕ್ಕೊಂದು ಬಗೆಯ ಕಾಯಿ ಬರುವ ಸಾಧ್ಯತೆಯಿದೆ. ಬದನೆಯ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿದ್ದು ಅದು ತನ್ನ ಪರಾಗದಿಂದಲೇ ಫಲ ಕಟ್ಟಬಲ್ಲದಾದರೂ, ಪರಾಗಕೋಶಗಳು ಸೀಳದೆ ತುದಿಯ ಸಣ್ಣ ರಂಧ್ರಗಳಿಂದ ಮಾತ್ರ ಪರಾಗವನ್ನು ಹೊರಬಿಡುತ್ತವೆ. ಬಡಗಿ ದುಂಬಿ, ನೀಲಿ ಪಟ್ಟೆಯ ಒಂಟಿ ಜೇನು ಮುಂತಾದ ಕೀಟಗಳು ಹೂವನ್ನು ಹಿಡಿದು ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ಆ ಪರಾಗವನ್ನು ಉದುರಿಸಿಕೊಳ್ಳುವಾಗ ಗಿಡದಿಂದ ಗಿಡಕ್ಕೆ ಬೆರಕೆ ನಡೆಯುತ್ತದೆ. ಆದುದರಿಂದ ಒಂದಕ್ಕಿಂತ ಹೆಚ್ಚು ಬದನೆಯ ತಳಿಗಳಿರುವ ಮನೆಯಲ್ಲಿ, ಅರಳುವ ಮುನ್ನವೇ ಮೊಗ್ಗುಗಳಿಗೆ ತೆಳ್ಳನೆಯ ಬಟ್ಟೆಯ ಚೀಲ ಕಟ್ಟಿ, ಅರಳಿದ ದಿನಗಳಲ್ಲಿ ಆ ಟೊಂಗೆಯನ್ನು ಬೆರಳಿನಿಂದ ತಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ಗುರುತಿನ ದಾರ ಕಟ್ಟುವುದು ಸುಲಭದ ಉಪಾಯ. ಆ ಕಾಯಿಯನ್ನು ಅಡುಗೆಗೆ ಕೊಯ್ಯುವ ಹಂತ ಮೀರಿ ಪೂರ್ತಿ ಹಳದಿಯಾಗುವವರೆಗೆ ಗಿಡದಲ್ಲೇ ಬಿಡಬೇಕು, ಏಕೆಂದರೆ ಎಳೆಯ ಬದನೆಯ ಬೀಜ ಮೊಳೆಯುವುದಿಲ್ಲ.

ಬಳ್ಳಿ ತರಕಾರಿಗಳಾದ ಸೌತೆ, ಹೀರೆ, ಪಡುವಲ, ಸೋರೆ, ಕುಂಬಳಗಳಲ್ಲಿ ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಮೊದಲೇ ಇರುತ್ತದೆ. ಕೀಟಗಳ ನೆರವಿಲ್ಲದೆ ಇವು ಸಾಮಾನ್ಯವಾಗಿ ಕಾಯಿ ಕಟ್ಟವು. ಇಲ್ಲಿ ಬೀಜ ಉಳಿಸುವವರನ್ನು ಹೆಚ್ಚಾಗಿ ದಾರಿ ತಪ್ಪಿಸುವುದು ಯಾವುದು ಯಾವುದರೊಡನೆ ಬೆರೆಯುತ್ತದೆ ಎಂಬ ಪ್ರಶ್ನೆ. ಮಂಗಳೂರು ಸೌತೆಗೆ ಸೌತೆಯೆಂಬ ಹೆಸರಿದ್ದರೂ ಸಸ್ಯಶಾಸ್ತ್ರದ ಪ್ರಕಾರ ಅದು ಕರಬೂಜದ ಜಾತಿಗೆ ಸೇರಿದ್ದು. ಹಸಿಯಾಗಿ ತಿನ್ನುವ ಮುಳ್ಳುಸೌತೆಯ ವರ್ಣತಂತುಗಳು ಏಳು ಜೋಡಿಯಾದರೆ ಕರಬೂಜದ ಜಾತಿಯದು ಹನ್ನೆರಡು ಜೋಡಿ. ಹಾಗಾಗಿ ಮುಳ್ಳುಸೌತೆಯ ಬಳ್ಳಿಯನ್ನು ಮಂಗಳೂರು ಸೌತೆಯ ಪಕ್ಕದಲ್ಲೇ ಹಬ್ಬಿಸಿದರೂ ಎರಡೂ ಬೆರೆಯುವುದಿಲ್ಲ, ಆದರೆ ನೋಟದಲ್ಲೂ ರುಚಿಯಲ್ಲೂ ಏನೂ ಸಂಬಂಧವಿಲ್ಲದಂತೆ ಕಾಣುವ ಚಿಬ್ಬಡದ ಹಣ್ಣಿನೊಡನೆ ಮಂಗಳೂರು ಸೌತೆ ಸಲೀಸಾಗಿ ಬೆರೆಯುತ್ತದೆ, ಏಕೆಂದರೆ ಎರಡೂ ಒಂದೇ ಜಾತಿ. ಅದೇ ರೀತಿ ಬೂದುಗುಂಬಳ ಮತ್ತು ಸಿಹಿಗುಂಬಳಗಳು ಹೆಸರಿನಲ್ಲಿ ಮಾತ್ರ ನೆಂಟರು, ಹೂವಿನಲ್ಲಿ ಅಲ್ಲ. ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗುಹಾಕಿದ ಮಂಗಳೂರು ಸೌತೆ ತಿಂಗಳುಗಟ್ಟಲೆ ಕೆಡದೆ ಉಳಿದು ಮಳೆಗಾಲದ ಸಾಂಬಾರಿಗೆ ಒದಗುವಂಥದು. ಚಿಬ್ಬಡವಾದರೋ ಹಣ್ಣಾದೊಡನೆ ಬಿರಿಯುವಂಥದು. ಇವೆರಡರ ಬೆರಕೆಯಿಂದ ಬಾಳಿಕೆಯ ಗುಣ ಕೆಡುವುದಾದರೆ ಕಳೆದುಕೊಳ್ಳುವುದು ಅನೇಕ ತಲೆಮಾರುಗಳ ಆಯ್ಕೆಯ ಫಲವನ್ನು.

ಬೆರಕೆಯಾದುದು ಆ ವರ್ಷದ ಕಾಯಿಯಲ್ಲಿ ಕಾಣಿಸುವುದಿಲ್ಲ ಎಂಬುದೂ ಮುಖ್ಯ. ಕಾಯಿಯ ಸಿಪ್ಪೆ ಮತ್ತು ತಿರುಳು ತಾಯಿ ಬಳ್ಳಿಯ ಅಂಗಾಂಶಗಳಾದುದರಿಂದ ಅವು ತಾಯಿಯಂತೆಯೇ ಇರುತ್ತವೆ; ಒಳಗಿನ ಬೀಜ ಮಾತ್ರ ಎರಡು ತಳಿಗಳ ಸಂತಾನವಾಗಿರುತ್ತದೆ. ಅಕ್ಕಪಕ್ಕದ ಹಿತ್ತಲುಗಳ ಬಳ್ಳಿಗಳನ್ನು ಅರ್ಧ ಕಿಲೋಮೀಟರಿಗೂ ಹೆಚ್ಚು ದೂರವಿಡುವುದು ಮನೆಯವರ ಕೈಯಲ್ಲಿಲ್ಲದ ಕಾರಣ, ಕೈಯಿಂದಲೇ ಪರಾಗಸ್ಪರ್ಶ ಮಾಡುವುದೇ ಉಳಿದ ದಾರಿ. ಮರುದಿನ ಬೆಳಿಗ್ಗೆ ಅರಳಲಿರುವ ಸೌತೆಯ ಹೆಣ್ಣು ಮೊಗ್ಗನ್ನೂ ಅದೇ ತಳಿಯ ಬೇರೊಂದು ಬಳ್ಳಿಯ ಗಂಡು ಮೊಗ್ಗನ್ನೂ ಹಿಂದಿನ ಸಂಜೆಯೇ ದಾರದಿಂದ ಮೆದುವಾಗಿ ಕಟ್ಟಿ, ಬೆಳಕು ಹರಿದೊಡನೆ ಗಂಡು ಹೂವಿನ ಎಸಳು ಕಿತ್ತು ಅದರ ಕೇಸರವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿಬಿಟ್ಟರೆ ಮುಗಿಯಿತು. ಆದರೆ ಎಲ್ಲ ಬಳ್ಳಿಗಳೂ ಬೆಳಿಗ್ಗೆಯೇ ಅರಳುವುದಿಲ್ಲ. ಸೋರೆಯ ಬಿಳಿ ಹೂ ಸಂಜೆ ಅರಳಿ ನಿಶಾಚರ ಪತಂಗಗಳನ್ನು ಕರೆಯುತ್ತದೆ. ಜಾಲರಿಯಂಚಿನ ಪಡುವಲದ ಹೂವೂ ಇರುಳಿನದೇ. ಏಣುಗಳಿರುವ ಹೀರೆಯ ಹಳದಿ ಹೂ ಸಾಯಂಕಾಲ ಅರಳಿದರೆ ಅದರ ಸೋದರಿಯಾದ ತುಪ್ಪದ ಹೀರೆಯದು ಬೆಳಗಿನ ಜಾವ ಅರಳುತ್ತದೆ. ಹೂವಿನ ವೇಳೆ ತಪ್ಪಿದರೆ ಕೆಲಸವೂ ತಪ್ಪುತ್ತದೆ.

ಸೋರೆ, ಸೌತೆ, ಕುಂಬಳಗಳ ಸ್ವಂತ ಬೀಜ ಉಳಿಸುವವರು ಒಂದು ಎಚ್ಚರಿಕೆಯನ್ನು ಎಂದಿಗೂ ಮರೆಯಬಾರದು. ಈ ಕುಟುಂಬದ ಕಾಡು ಪ್ರಭೇದಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಡು ಕಹಿಯ ವಿಷವಿದ್ದು, ಸಾವಿರಾರು ವರ್ಷಗಳ ಆಯ್ಕೆಯಿಂದ ಮನುಷ್ಯ ಅದನ್ನು ಊರಿನ ತಳಿಗಳಿಂದ ದೂರ ಮಾಡಿದ್ದಾನೆ. ಕಹಿ ಅಥವಾ ಅಲಂಕಾರದ ಬುರುಡೆಗಳೊಡನೆ ಬೆರಕೆಯಾದ ಬೀಜದಿಂದ ಬಂದ ಕಾಯಿಯಲ್ಲಿ ಅದು ಮರಳಿ ಕಾಣಿಸಿಕೊಳ್ಳಬಹುದು, ಮತ್ತು ಬೇಯಿಸುವುದರಿಂದ ಅದು ನಾಶವಾಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ಭಾರತದಲ್ಲಿ ಸಾವುಗಳು ಸಂಭವಿಸಿದ ಮೇಲೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಈ ವಿಷಯವನ್ನು ಪರಿಶೀಲಿಸಿ, ಕಹಿಯಿರುವ ಸೋರೆಯನ್ನು ಯಾವ ರೂಪದಲ್ಲೂ ಸೇವಿಸಬಾರದೆಂದು ಎಚ್ಚರಿಸಿದ್ದಾರೆ. ಸ್ವಂತ ಬೀಜದ ಪ್ರತಿ ಬಳ್ಳಿಯ ಮೊದಲ ಕಾಯಿಯ ಸಣ್ಣ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿಯಿದ್ದರೆ ಉಗುಳಿ, ಆ ಬಳ್ಳಿಯನ್ನು ಬುಡಸಹಿತ ಕಿತ್ತುಹಾಕಬೇಕು. ಅದರಿಂದ ಬೀಜವನ್ನೂ ತೆಗೆಯಬಾರದು. ಹುಟ್ಟುಗುಣವಾಗಿಯೇ ಕಹಿಯಾದ ಹಾಗಲ ಮಾತ್ರ ಈ ನಿಯಮಕ್ಕೆ ಹೊರತು.

ಗಾಳಿಯ ಮೂಲಕವೂ ಬೆರೆಯುವ ಸೊಪ್ಪುಗಳಲ್ಲಿ ಹರಿವೆಯದು ಬೇರೆಯೇ ಸಮಸ್ಯೆ. ಸಾವಿರ ಬೀಜ ಸೇರಿದರೂ ಒಂದು ಗ್ರಾಂ ತೂಗದ ಇದರ ತೆನೆಯಿಂದ ಬೀಜ ಪಡೆಯುವುದು ಅತಿ ಸುಲಭ, ಹಾಗಾಗಿಯೇ ಮೊದಲು ತೆನೆ ಬಿಟ್ಟ ಗಿಡದಿಂದ ಬೀಜ ಉದುರಿಸಿಕೊಳ್ಳುವ ಚಪಲ ಹೆಚ್ಚು. ಬೇಗ ತೆನೆ ಬಿಡುವ ಗಿಡ ಎಂದರೆ ಬೇಗ ಎಲೆ ನಿಲ್ಲಿಸುವ ಗಿಡ. ವರ್ಷವರ್ಷವೂ ಅಂತಹ ಗಿಡಗಳ ಬೀಜವನ್ನೇ ಬಿತ್ತಿದರೆ, ದಪ್ಪ ದಂಟಿನ ಒಳ್ಳೆಯ ಹರಿವೆಯೊಂದು ಕೆಲವೇ ತಲೆಮಾರುಗಳಲ್ಲಿ ಗೇಣುದ್ದಕ್ಕೇ ತೆನೆ ಬಿಡುವ ಗಿಡವಾಗಿ ಇಳಿದುಬಿಡುತ್ತದೆ. ಸೊಪ್ಪಿಗಾಗಿ ಬೆಳೆಯುವ ಯಾವುದೇ ಗಿಡದಲ್ಲಿ ಮೊದಲು ಹೂ ಬಿಟ್ಟವನ್ನು ಕಿತ್ತು ಅಡುಗೆಗೆ ಬಳಸಿ, ಕೊನೆಯವರೆಗೆ ಎಲೆ ಕೊಟ್ಟವನ್ನು ಬೀಜಕ್ಕೆ ಬಿಡಬೇಕು. ಕಾಯಿ ತರಕಾರಿಯಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ನಡೆಯುತ್ತದೆ: ಚೆನ್ನಾದ ಕಾಯಿಗಳನ್ನೆಲ್ಲ ಅಡುಗೆಗೆ ಕೊಯ್ದು, ಬಳ್ಳಿ ಸೊರಗಿದ ಮೇಲೆ ಉಳಿದ ಕೊನೆಯ ಗೊಡ್ಡು ಕಾಯಿಯನ್ನು ಬೀಜಕ್ಕೆ ಬಿಡಲಾಗುತ್ತದೆ. ಬಳ್ಳಿ ಬಲವಾಗಿರುವಾಗಲೇ ಎರಡನೆಯ ಅಥವಾ ಮೂರನೆಯ ಕಾಯಿಗೆ ಬಣ್ಣದ ಬಟ್ಟೆಯ ಚೂರು ಕಟ್ಟಿ ಮನೆಯ ಎಲ್ಲರಿಗೂ ಗೊತ್ತಾಗುವಂತೆ ಬಿಡುವ ಹಳೆಯ ಪದ್ಧತಿ ಎಲ್ಲ ದೃಷ್ಟಿಯಿಂದಲೂ ಸರಿಯಾದದ್ದು.

ಗಂಡು ಹೂಗಳ ಬಳ್ಳಿಯೇ ಬೇರೆ, ಹೆಣ್ಣು ಹೂಗಳ ಬಳ್ಳಿಯೇ ಬೇರೆಯಾಗಿರುವ ಸಸ್ಯಗಳನ್ನು ಭಿನ್ನಲಿಂಗಾಶ್ರಯಿ ಸಸ್ಯಗಳೆನ್ನುತ್ತಾರೆ. ಮಡಹಾಗಲ ಅಥವಾ ಕಾಡುಹಾಗಲವೆಂದು ಕರೆಯಲ್ಪಡುವ, ಮಳೆಗಾಲದಲ್ಲಿ ಮಾರುಕಟ್ಟೆಗೆ ಬಂದಾಗಲೆಲ್ಲ ದುಬಾರಿ ಬೆಲೆಗೆ ಮಾರಾಟವಾಗುವ ಮುಳ್ಳು ಮುಳ್ಳಾದ ಪುಟ್ಟ ಕಾಯಿ ಈ ವರ್ಗದ್ದು. ಬೀಜ ಬಿತ್ತಿದರೆ ಬಂದ ಬಳ್ಳಿಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗುತ್ತವೆ, ಮತ್ತು ಹೂ ಬಿಡುವವರೆಗೆ ಅವನ್ನು ಗುರುತಿಸಲು ಬರುವುದಿಲ್ಲ. ಬೀಜವೂ ಸುಪ್ತಾವಸ್ಥೆಯಿಂದ ಏಳಲು ಬಹಳ ತಡಮಾಡುತ್ತದೆ. ಆದರೆ ಈ ಬಳ್ಳಿ ಬಹುವಾರ್ಷಿಕ. ಮಳೆ ಮುಗಿದ ಮೇಲೆ ಮೇಲಿನ ಭಾಗ ಒಣಗಿ, ಮಣ್ಣಿನೊಳಗೆ ಗೆಡ್ಡೆ ಉಳಿದು, ಮುಂಗಾರಿಗೆ ಮುಂಚಿನ ಮಳೆಗಳಿಗೆ ಮತ್ತೆ ಚಿಗುರುತ್ತದೆ. ಆದುದರಿಂದ ಹೂ ಬಿಟ್ಟಾಗ ಗಂಡು ಹೆಣ್ಣು ಗುರುತಿಸಿ ಕಡ್ಡಿ ನೆಟ್ಟು, ಬೇಸಿಗೆಯಲ್ಲಿ ಹೆಣ್ಣು ಬಳ್ಳಿಯ ಗೆಡ್ಡೆಗಳನ್ನು ವಿಭಾಗಿಸಿ ನೆಟ್ಟು, ಎಂಟು ಹತ್ತು ಹೆಣ್ಣಿಗೆ ಒಂದರಂತೆ ಗಂಡನ್ನು ಉಳಿಸಿಕೊಳ್ಳುವುದು ರೂಢಿ. ಮುಸ್ಸಂಜೆಗೆ ಅರಳುವ ಹೂವಿಗೆ ಪತಂಗಗಳು ಬಾರದ ತಾರಸಿಗಳಲ್ಲಿ ಗಂಡು ಹೂವನ್ನು ಕೈಯಿಂದಲೇ ತಾಗಿಸಬೇಕಾಗುತ್ತದೆ. ಗಂಡು ಬಳ್ಳಿ ಕಾಯಿ ಬಿಡದ ದಂಡದ ಬಳ್ಳಿಯೆಂದು ಕಿತ್ತೆಸೆಯುವ ಮನೆಗಳಲ್ಲಿ ಮರುವರ್ಷ ಹೆಣ್ಣು ಬಳ್ಳಿಯೂ ಬರಿದಾಗಿ ನಿಲ್ಲುವುದು ಈ ಕಾರಣದಿಂದಲೇ.

ಬೀಜದ ಹಂಗಿಲ್ಲದ ಸಸ್ಯಗಳಲ್ಲಿ ಅತ್ಯಂತ ಸೋಜಿಗದ್ದು ಮರಕೆಸು. ಮಳೆಗಾಲದಲ್ಲಿ ಮರದ ಕವಲುಗಳಲ್ಲಿ, ಪಾಚಿ ಹಿಡಿದ ತೊಗಟೆಯ ಮೇಲೆ ಚಿಗುರುವ ಇದರ ಎಲೆಯಿಂದ ಆಟಿ ತಿಂಗಳಲ್ಲಿ ಪತ್ರೊಡೆ ಮಾಡುವ ಪದ್ಧತಿ ಕರಾವಳಿಯಲ್ಲಿದೆ. ಇದು ಬೀಜ ಕಟ್ಟುವುದು ಅತಿ ವಿರಳ; ಅದರ ಬದಲು ನೆಟ್ಟಗೆ ನಿಂತ ಕಡ್ಡಿಗಳ ಮೇಲೆ ಕೊಕ್ಕೆಯಂತಹ ಮುಳ್ಳುಗಳಿರುವ ಕಿರುಗೆಡ್ಡೆಗಳನ್ನು ಗೊಂಚಲಾಗಿ ಬಿಡುತ್ತದೆ, ಅವು ಹಕ್ಕಿಯ ಗರಿಗೋ ಪ್ರಾಣಿಯ ಕೂದಲಿಗೋ ಅಂಟಿಕೊಂಡು ಬೇರೆ ಮರವನ್ನು ಸೇರುತ್ತವೆ. ಮನೆಯ ಹಲಸು ಅಥವಾ ಮಾವಿನ ಮರದ ಒರಟು ಕವಲಿನಲ್ಲಿ ಪಾಚಿ, ತೆಂಗಿನ ನಾರು ಇಟ್ಟು ಈ ಕಿರುಗೆಡ್ಡೆಗಳನ್ನು ಕೂರಿಸಿದರೆ ಕಾಡಿನಿಂದ ಪ್ರತಿವರ್ಷ ಕಿತ್ತು ತರುವ ಅಗತ್ಯ ತಪ್ಪುತ್ತದೆ. ಎಲ್ಲ ಕೆಸುಗಳಂತೆ ಇದರ ಎಲೆಯಲ್ಲೂ ಗಂಟಲು ಕೆರೆಯುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿರುವುದರಿಂದ ಹುಣಸೆಯಂತಹ ಹುಳಿ ಸೇರಿಸಿ ದೀರ್ಘಕಾಲ ಬೇಯಿಸುತ್ತಾರೆ. ಎಲೆಯ ಕಂಕುಳಲ್ಲಿ ಗೆಡ್ಡೆ ಬಿಡುವ ಬಳ್ಳಿ ಆಲೂಗಡ್ಡೆಯನ್ನು ಉಳಿಸುವ ಕ್ರಮವೂ ಹೀಗೆಯೇ, ಆದರೆ ಅದರ ಕಾಡು ಬಗೆಗಳು ಕಹಿಯೂ ವಿಷಕಾರಿಯೂ ಆಗಿದ್ದು ನೋಟದಲ್ಲಿ ಊರಿನ ಬಗೆಯನ್ನೇ ಹೋಲುವುದರಿಂದ, ಬಹುಕಾಲದಿಂದ ತಿನ್ನುತ್ತಾ ಬಂದ ಮನೆಯಿಂದಲ್ಲದೆ ಬೇರೆಲ್ಲಿಂದಲೂ ನೆಡುವ ಗೆಡ್ಡೆಯನ್ನು ತರಬಾರದು. ಬಸಳೆ, ಚಕ್ರಮುನಿಗಳನ್ನು ಕಾಂಡದ ತುಂಡಿನಿಂದಲೇ ಬೆಳೆಸುತ್ತಾರೆ. ತಾಯಿ ಗಿಡದ ನಂಜುರೋಗವೂ ತುಂಡಿನೊಡನೆ ಬರುತ್ತದೆಂಬುದನ್ನು ನೆನಪಿಟ್ಟು ಆರೋಗ್ಯವಂತ ಗಿಡವನ್ನೇ ಆರಿಸಬೇಕು.

ಎಷ್ಟು ಗಿಡಗಳಿಂದ ಬೀಜ ತೆಗೆಯಬೇಕು ಎಂಬುದೂ ಹೂವಿನ ಸ್ವಭಾವವನ್ನೇ ಅವಲಂಬಿಸಿದೆ. ಸ್ವಕೀಯ ಪರಾಗಸ್ಪರ್ಶದ ಅವರೆ ಜಾತಿಗಳಲ್ಲಿ ಆರೇಳು ಗಿಡ ಸಾಕು. ಪರಕೀಯ ಪರಾಗಸ್ಪರ್ಶದ ಸಸ್ಯಗಳಲ್ಲಿ ಬಹಳ ಕಡಿಮೆ ಗಿಡಗಳಿಂದ ಮತ್ತೆ ಮತ್ತೆ ಬೀಜ ತೆಗೆದರೆ ಸಂತಾನ ಸೊರಗುತ್ತದೆ. ಮೆಕ್ಕೆಜೋಳದಲ್ಲಿ ಈ ಕುಗ್ಗುವಿಕೆ ತೀವ್ರ, ಅದೃಷ್ಟವಶಾತ್ ಸೌತೆ ಕುಂಬಳಗಳ ಕುಟುಂಬದಲ್ಲಿ ಅದು ಅಲ್ಪ. ಅಂಗಡಿಯ ಪೊಟ್ಟಣದಲ್ಲಿ ಎಫ್-1 ಎಂದು ಬರೆದಿರುವ ಬೀಜ ಮಾತ್ರ ಈ ಕೆಲಸಕ್ಕೆ ಬಾರದು. ಅದು ಎರಡು ಬೇರೆ ತಳಿಗಳ ಮೊದಲ ತಲೆಮಾರಿನ ಸಂಕರವಾದುದರಿಂದ ಅದರಿಂದ ಬೆಳೆದ ಗಿಡದ ಬೀಜ ಬಿತ್ತಿದಾಗ ಬರುವ ಗಿಡಗಳು ಒಂದರಂತೆ ಒಂದಿರುವುದಿಲ್ಲ.

ಬೀಜ ತೆಗೆಯುವ ಕ್ರಮಗಳಲ್ಲಿ ಒಣಕಾಯಿಯದು ಸರಳ, ಹಸಿಹಣ್ಣಿನದು ತುಸು ಶ್ರಮದ್ದು. ಸೌತೆಯ ಬೀಜದ ಸುತ್ತಲಿನ ಲೋಳೆ ಮೊಳಕೆಯನ್ನು ತಡೆಯುವುದರಿಂದ, ತಿರುಳಿನೊಡನೆ ಅದನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ತೇಲುವ ಜೊಳ್ಳನ್ನು ಚೆಲ್ಲಿ, ಮುಳುಗಿದ್ದನ್ನು ಮಾತ್ರ ಉಳಿಸಿಕೊಳ್ಳಬೇಕು. ಒಣಗಿಸುವಾಗ ನಡು ಹಗಲಿನ ಬಿಸಿಲಿಗಿಂತ ಬೆಳಗಿನ ಎಳೆಬಿಸಿಲೂ ಗಾಳಿಯಾಡುವ ನೆರಳೂ ಮೇಲು. ಕಾದ ತಗಡಿನ ಮೇಲೋ ಸಿಮೆಂಟಿನ ಮೇಲೋ ಹರಡಿದರೆ ಭ್ರೂಣವೇ ಬೆಂದುಹೋಗಬಹುದು. ಅವರೆಕಾಳು ಹಲ್ಲಿಗೆ ಗುರುತು ಬೀಳದಷ್ಟು ಗಟ್ಟಿಯಾಗಿ, ಕುಂಬಳದ ಬೀಜ ಬಗ್ಗದೆ ಪಟ್ಟೆಂದು ಮುರಿಯುವಂತಾದರೆ ಒಣಗಿದೆಯೆಂದು ತಿಳಿಯಬಹುದು.

ಸಂಗ್ರಹದ ವಿಷಯದಲ್ಲಿ ಅಮೆರಿಕದ ಬೀಜ ವಿಜ್ಞಾನಿ ಜೇಮ್ಸ್ ಹ್ಯಾರಿಂಗ್ಟನ್ ರೂಪಿಸಿದ ಸ್ಥೂಲ ನಿಯಮವೊಂದು ಇಂದಿಗೂ ಬಳಕೆಯಲ್ಲಿದೆ: ಬೀಜದ ತೇವಾಂಶ ಸುಮಾರು ಶೇ. 14ರಿಂದ 5ರ ನಡುವೆ ಇಳಿಯುವಾಗ ಪ್ರತಿ ಒಂದು ಪ್ರತಿಶತಕ್ಕೂ, ಸಂಗ್ರಹದ ಉಷ್ಣತೆ ಇಳಿಯುವಾಗ ಪ್ರತಿ 5 ಡಿಗ್ರಿ ಸೆಲ್ಸಿಯಸ್‌ಗೂ, ಬೀಜದ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ. ಮಲೆನಾಡಿನ ಮತ್ತು ಕರಾವಳಿಯ ಜಡಿಮಳೆಯ ತಿಂಗಳುಗಳಲ್ಲಿ ಬೀಜಕ್ಕೆ ಶತ್ರುವಾಗಿ ನಿಲ್ಲುವುದು ಬಿಸಿಗಿಂತ ಹೆಚ್ಚಾಗಿ ತೇವ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಯಾಡುವೆಡೆ ಬೀಜ ತೂಗುಹಾಕುವುದು, ಬೂದಿ ಬೆರೆಸಿ ಸೋರೆಬುರುಡೆಯಲ್ಲಿ ತುಂಬಿಡುವುದು, ಸೌತೆ ಕುಂಬಳಗಳ ಬೀಜವನ್ನು ಸಗಣಿಯಲ್ಲಿ ಅದ್ದಿ ಗೋಡೆಗೆ ತಟ್ಟುವುದು ಇವೆಲ್ಲ ಆ ತೇವದ ವಿರುದ್ಧ ಮನೆಗಳು ಕಂಡುಕೊಂಡ ಉಪಾಯಗಳು. ನುಣುಪಾದ ಬೂದಿಯು ತೇವವನ್ನು ಹೀರುವುದಲ್ಲದೆ ಕೀಟದ ಮೈಮೇಲಿನ ಮೇಣದ ಪದರವನ್ನು ಸವೆಸಿ ಅದು ಒಣಗಿ ಸಾಯುವಂತೆ ಮಾಡುತ್ತದೆ. ಹೊಗೆಯ ಒಲೆಯಿಲ್ಲದ ಮನೆಗಳಲ್ಲಿ, ಬೆಚ್ಚಗೆ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ, ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿ ಬೀಜದೊಡನೆ ಇಟ್ಟು, ಸೀಸೆಯನ್ನು ಫ್ರಿಜ್ಜಿನಲ್ಲಿಡಬಹುದು. ಹೊರತೆಗೆದಾಗ ಸೀಸೆ ಕೋಣೆಯ ಉಷ್ಣತೆಗೆ ಬರುವವರೆಗೆ ಮುಚ್ಚಳ ತೆರೆಯಬಾರದು, ತೆರೆದರೆ ತಣ್ಣನೆಯ ಬೀಜದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಕಾಳು ಕೊರೆಯುವ ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟು ಬೀಜದೊಡನೆ ಮನೆಗೆ ಬರುವುದರಿಂದ, ಚೆನ್ನಾಗಿ ಒಣಗಿದ ಅವರೆಯನ್ನು ಕೆಲವು ದಿನ ಫ್ರೀಜರಿನಲ್ಲಿಟ್ಟು ತೆಗೆಯುವುದು ಒಳ್ಳೆಯದು. ಒಣಗಿಸಿದರೆ ಸಾಯುವ ಬೀಜಗಳೂ ಇವೆ. ಹಲಸು, ಮುರುಗಲು, ಮಾವುಗಳ ಬೀಜ ಆ ವರ್ಗದ್ದು. ಅವುಗಳನ್ನು ಹಣ್ಣಿನಿಂದ ತೆಗೆದೊಡನೆ ಬಿತ್ತಬೇಕಲ್ಲದೆ ಸೀಸೆಯಲ್ಲಿ ತುಂಬಿಡಲಾಗದು, ಹಾಗಾಗಿ ಅವುಗಳ ತಳಿ ಉಳಿಯುವುದು ಮರವಾಗಿಯೇ.

ಎಲ್ಲವನ್ನೂ ಒಂದೇ ಮನೆ ಉಳಿಸಲು ಸಾಧ್ಯವಿಲ್ಲ, ಉಳಿಸಬೇಕಾಗಿಯೂ ಇಲ್ಲ. ಒಬ್ಬರ ಹಿತ್ತಲಿನಲ್ಲಿ ಮಂಗಳೂರು ಸೌತೆ, ಇನ್ನೊಬ್ಬರದರಲ್ಲಿ ಚಿಬ್ಬಡ ಎಂದು ಹಂಚಿಕೊಂಡರೆ ಬೆರಕೆಯ ತೊಡಕು ತಾನಾಗಿಯೇ ತಗ್ಗುತ್ತದೆ, ಒಂದು ಮನೆಯ ಬೀಜ ಕೆಟ್ಟರೆ ಇನ್ನೊಂದರಿಂದ ಮರಳಿ ಪಡೆಯಬಹುದು. ಶಿರಸಿಯ ಮಹಿಳೆಯರ ಬೀಜ ಸಂಘಟನೆಯಾದ ವನಸ್ತ್ರೀ, ರಾಜ್ಯದಾದ್ಯಂತ ಬೀಜ ಮೇಳಗಳನ್ನು ನಡೆಸುವ ಸಹಜ ಸಮೃದ್ಧ, ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿ ಸಮುದಾಯದವರು ತಾವು ಉಳಿಸಿದ ಗೆಡ್ಡೆಗೆಣಸುಗಳನ್ನು ಪ್ರದರ್ಶಿಸುವ ಮೇಳ ಇವೆಲ್ಲ ಈ ಹಂಚಿಕೆಯನ್ನು ಊರಿನ ಗಡಿಯಾಚೆಗೆ ವಿಸ್ತರಿಸಿವೆ. ಕಾನೂನಿನ ಆಸರೆಯೂ ಇದಕ್ಕಿದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ, ಸಂರಕ್ಷಿತ ತಳಿಯದೇ ಆದರೂ ತನ್ನ ಬೆಳೆಯ ಬೀಜವನ್ನು ಉಳಿಸುವ, ಬಿತ್ತುವ, ಮರುಬಿತ್ತುವ, ವಿನಿಮಯ ಮಾಡಿಕೊಳ್ಳುವ, ಹಂಚುವ ಮತ್ತು ಮಾರುವ ಹಕ್ಕು ರೈತನಿಗಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡಿನ ಹೆಸರಿನಲ್ಲಿ ಪೊಟ್ಟಣ ಕಟ್ಟಿ ಮಾರುವಂತಿಲ್ಲ, ಅಷ್ಟೇ. ಹೀಗೆ ಕೈ ಬದಲಾಗುವ ಪ್ರತಿಯೊಂದು ಪೊಟ್ಟಣದ ಮೇಲೆ ತಳಿಯ ಸ್ಥಳೀಯ ಹೆಸರು, ಬೀಜ ತೆಗೆದ ತಿಂಗಳು ಮತ್ತು ವರ್ಷ, ಊರು, ಎಷ್ಟು ಗಿಡಗಳಿಂದ ತೆಗೆದದ್ದು, ಹತ್ತಿರದಲ್ಲಿ ಅದೇ ಜಾತಿಯ ಬೇರೆ ತಳಿ ಇತ್ತೋ ಇಲ್ಲವೋ, ತಿನ್ನುವ ಭಾಗ ಯಾವುದು, ಬೇಯಿಸುವ ಎಚ್ಚರಿಕೆ ಏನು ಎಂಬುದನ್ನು ಬರೆಯುವುದು ಅಗತ್ಯ. ಮಡಹಾಗಲದ ಗೆಡ್ಡೆಯಾದರೆ ಗಂಡೋ ಹೆಣ್ಣೋ ಎಂಬುದನ್ನೂ ಬರೆಯಬೇಕು, ಏಕೆಂದರೆ ಬಳ್ಳಿ ಒಣಗಿದ ಮೇಲೆ ಬರಿಯ ಗೆಡ್ಡೆಯನ್ನು ನೋಡಿ ಅದನ್ನು ಹೇಳಲು ಬರುವುದಿಲ್ಲ.